ಹಲಸಿನ ಮಂಚದ ಕಾಲಿನಿಂದ ಪುಡಿ: ಗೆದ್ದಲೋ, ಕುಟ್ಟೆ ಹುಳವೋ?

ಮಲೆನಾಡಿಗ: ಮಂಚದ ಕಾಲಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು. ಕೆಳಗೆ ದಿನಾ ಮೈದಾದಂಥ ಪುಡಿ. ತೂತಿಗೆ ಮೇಣ ತುಂಬಿದರೆ ಸಾಕೇ?

ಉಳಿಬಾಚಿ: ಸಾಲದು. ಗೆದ್ದಲಾದರೆ ಮಣ್ಣಿನ ಗೆರೆ ಇರುತ್ತೆ, ಇದು ಕುಟ್ಟೆ. ತೂತು ಅಂದರೆ ಹುಳ ಹೊರಬಿದ್ದ ಬಾಗಿಲು. ಮರಿಗಳು ಇನ್ನೂ ಒಳಗಿವೆ. ಹಳೇ ಪುಡಿ ಗುಡಿಸಿ ಕಪ್ಪು ಕಾಗದ ಹಾಸಿ, ವಾರ ನೋಡಿ. ಹೊಸ ಪುಡಿ ಬಿದ್ದರೆ ಎಣ್ಣೆ ರೂಪದ ವುಡ್ ಪ್ರಿಸರ್ವೇಟಿವ್ (ಮರ ಕಾಯುವ ಔಷಧಿ) ತಂದು, ಸಿರಿಂಜಿನಿಂದ ಒಂದೊಂದೇ ತೂತಿಗೆ ನಿಧಾನವಾಗಿ ಬಿಡಿ. ಸುರಂಗಗಳು ಒಳಗೇ ಕೂಡಿರುತ್ತವೆ, ಪಕ್ಕದ ತೂತಿನಿಂದ ಚಿಮ್ಮಿ ಕಣ್ಣಿಗೆ ಹಾರೀತು. ಕನ್ನಡಕ, ಗ್ಲೌಸ್ ಬೇಕೇ ಬೇಕು. ವಾರ ಬಿಟ್ಟು ಮತ್ತೊಮ್ಮೆ. ವಾಸನೆ ಹೋಗುವವರೆಗೆ ಅದರ ಮೇಲೆ ಮಲಗಬೇಡಿ.

ಮಲೆನಾಡಿಗ: ಪಾಲಿಶ್ ಮೇಲೇ ಬಳಿದರೆ?

ಚೇಗು: ದಂಡ. ಪಾಲಿಶ್ ದಾಟಿ ಇಳಿಯಲ್ಲ. ಉಜ್ಜಿ ತೆಗೆದೇ ಬಳಿಯಬೇಕು. ಕಾಲಿನ ಬುಡ, ಹಲಗೆಯ ಅಡಿಭಾಗಕ್ಕೆ ಸಾಮಾನ್ಯವಾಗಿ ಪಾಲಿಶ್ ಹಾಕಿರಲ್ಲ, ಹುಳ ಮೊಟ್ಟೆಯಿಡೋದು ಅಂಥ ಬರಿಮರದ ರಂಧ್ರದಲ್ಲೇ. ಹುಳಕ್ಕೆ ಬೇಕಾದ ಪಿಷ್ಟವಿರೋದು ಹೊರಗಿನ ಬಿಳಿಮರದಲ್ಲಿ, ಒಳಗಿನ ಹಳದಿ ತಿರುಳುಮರವನ್ನು, ಅಂದರೆ ಚೇಗನ್ನು, ಅದು ಅಷ್ಟಾಗಿ ಮುಟ್ಟಲ್ಲ. ಉಳಿಯಿಂದ ಚುಚ್ಚಿ ನೋಡಿ: ಬಿಸ್ಕತ್ತಿನಂತೆ ಪುಡಿಯಾದರೆ ಔಷಧಿ ದುಡ್ಡು ಉಳಿಸಿ, ಕಾಲನ್ನೇ ಬದಲಾಯಿಸಿ.

ಉಳಿಬಾಚಿ: ಮೇಣ ಕೊನೆಗೆ ತುಂಬಿ. ಆಮೇಲೆ ಹೊಸ ತೂತು ಬಿದ್ದರೆ ತಕ್ಷಣ ಗೊತ್ತಾಗುತ್ತೆ.