ಸಹಾಯ ಬೇಕು: ಕಲಬುರಗಿ ಬಿಸಿಲಲ್ಲಿ ಮಾಳಿಗೆ ಮೇಲೆ ತರಕಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ. ಏಪ್ರಿಲ್, ಮೇ ಬಂದರೆ 42 ಡಿಗ್ರಿ ಇಲ್ಲಿ ಮಾಮೂಲು. ಮಾಳಿಗೆ ಮೇಲೆ ಗ್ರೋ ಬ್ಯಾಗ್‌ಗಳಲ್ಲಿ ಬೆಂಡೆ, ಚವಳಿ, ಪುಂಡಿಪಲ್ಲೆ, ಟೊಮ್ಯಾಟೊ ಹಾಕಿದ್ದೇವೆ. ಬೆಂಡೆ, ಪುಂಡಿ ಬಿಸಿಲಿಗೆ ಜಗ್ಗಿಲ್ಲ. ಟೊಮ್ಯಾಟೊದ್ದೇ ತಲೆನೋವು. ಹೂ ಜಾಸ್ತಿನೇ ಬಿಡುತ್ತದೆ, ಆಮೇಲೆ ತೊಟ್ಟು ಹಳದಿಯಾಗಿ ಉದುರಿಹೋಗುತ್ತದೆ. 35 ಡಿಗ್ರಿ ದಾಟಿದರೆ ಕಾಯಿ ಕಚ್ಚುವುದು ಕಷ್ಟ ಅಂತ ಗೊತ್ತು. ಹಾಗಾದ್ರೆ ಬೇಸಿಗೆಯಲ್ಲಿ ಟೊಮ್ಯಾಟೊ ಆಸೆ ಬಿಟ್ಟೇಬಿಡಬೇಕಾ, ಇಲ್ಲಾ ಶೇಡ್ ನೆಟ್ ಕಟ್ಟಿದರೆ ಉಪಯೋಗ ಆಗುತ್ತಾ? 50 ಪರ್ಸೆಂಟ್ ನೆರಳು ಕೊಡೋದು ತಗೊಳ್ಳಲಾ, 35ರದ್ದು ಸಾಕಾ? ಬೆಂಡೆಗೂ ನೆರಳು ಬಿದ್ದರೆ ಕಾಯಿ ಕಡಿಮೆ ಆಗುತ್ತೇನೋ ಅನ್ನೋ ಅನುಮಾನ ಬೇರೆ.

ಇನ್ನೊಂದು, ಮಣ್ಣು. ಹೊಲದ ಎರೆಮಣ್ಣು ತುಂಬಿದ್ದೇವೆ. ಒದ್ದೆಯಾದರೆ ಅಂಟು, ಒಣಗಿದರೆ ಬ್ಯಾಗಿನ ಅಂಚಲ್ಲಿ ಬೆರಳು ಹೋಗುವಷ್ಟು ಬಿರುಕು. ಹಾಕಿದ ನೀರೆಲ್ಲ ಆ ಬಿರುಕಲ್ಲೇ ಇಳಿದು ಮಾಳಿಗೆ ತುಂಬಾ ಹರಿಯುತ್ತದೆ. ಕೊಕೊಪೀಟ್, ತಿಪ್ಪೆಗೊಬ್ಬರ ಎಷ್ಟೆಷ್ಟು ಬೆರೆಸಬೇಕು? ಬೋರ್ ನೀರು ಬೇರೆ ಸವಳು, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತಿದೆ.

ರಾಯಚೂರು, ಬಳ್ಳಾರಿ ಕಡೆ ಮಾಳಿಗೆ ತೋಟ ಮಾಡಿದವರಿದ್ದರೆ ದಯವಿಟ್ಟು ಹೇಳಿ. ಬೆಂಗಳೂರಿನವರ ಸಲಹೆ ಬೇಡ ಅಂತಲ್ಲ, ಆದ್ರೆ ಅಲ್ಲಿನ ಬಿಸಿಲೇ ಬೇರೆ, ಅಲ್ವಾ?