‘ಬಿನೈನ್’ ಅಂದರೆ ‘ನಿರಪಾಯಕಾರಿ’ಯೇ? ಮಕ್ಕಳ ಬೆನ್ನುಮೂಳೆ ಗಡ್ಡೆಗಳ ಪದಗಳು

ಎಲ್ಲರಿಗೂ ನಮಸ್ಕಾರ.

ಮಕ್ಕಳ ಬೆನ್ನುಮೂಳೆಯಲ್ಲಿ ಬೆಳೆಯುವ ಗಡ್ಡೆಗಳ ಬಗ್ಗೆ ತಂದೆತಾಯಂದಿರಿಗಾಗಿ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಚಾರದಲ್ಲಿ ನಿಮ್ಮ ಸಲಹೆ ಬೇಕು. ಮಗುವಿಗೆ ಆಪರೇಷನ್ ಅಂತ ಕೇಳಿ ಕಂಗಾಲಾಗಿರುವವರು ಇದನ್ನು ಓದುತ್ತಾರೆ. ಅವರಿಗೆ ಅರೆಬರೆ ಅರ್ಥ ಹೋಗಬಾರದು.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಬಿನೈನ್’, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗೆ ವೈದ್ಯರು ಹೇಳುವ ಇಂಗ್ಲಿಷ್ ಪದ. ಇದಕ್ಕೆ ‘ಸೌಮ್ಯ’, ‘ಹಾನಿರಹಿತ’, ‘ನಿರಪಾಯಕಾರಿ’ ಅಂತೆಲ್ಲ ಬರೆಯುತ್ತೇವೆ. ಚರ್ಮದಡಿಯ ಕೊಬ್ಬಿನ ಗಂಟಿಗೆ ಇದು ಒಪ್ಪುತ್ತದೆ. ಬೆನ್ನುಮೂಳೆಗೆ ಒಪ್ಪುವುದಿಲ್ಲ. ಅನ್ಯೂರಿಸ್ಮಲ್ ಬೋನ್ ಸಿಸ್ಟನ್ನೇ ನೋಡಿ. 1942ರಲ್ಲಿ ಜಾಫೆ ಮತ್ತು ಲಿಕ್ಟೆನ್‌ಸ್ಟೈನ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಮೂಳೆಯೊಳಗೆ ರಕ್ತ ತುಂಬಿದ ಪೊಳ್ಳುಗಳು ಎದ್ದು ಮೂಳೆ ಉಬ್ಬುತ್ತದೆ. ಎಂಆರ್‌ಐಯಲ್ಲಿ ಆ ಪೊಳ್ಳುಗಳೊಳಗೆ ರಕ್ತ ತಿಳಿಯಾಗಿ, ಮೇಲೊಂದು ಕೆಳಗೊಂದು ಪದರವಾಗಿ ನಿಂತಿರುವುದು ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಬೆನ್ನುಹುರಿಯನ್ನು ಒತ್ತಿದರೆ ಮಗುವಿನ ಕಾಲಿನ ಬಲವೇ ಹೋಗಬಹುದು. ಕೆರೆದು ತೆಗೆದ ಮೇಲೂ ಮತ್ತೆ ಬೆಳೆಯಬಹುದು. ಆಪರೇಷನ್ನಿನಲ್ಲಿ ಜಾಸ್ತಿ ರಕ್ತ ಹೋಗುತ್ತದೆಂದು ಎಷ್ಟೋ ಸಲ ಮೊದಲೇ ಅದರ ರಕ್ತನಾಳಗಳನ್ನು ಒಳಗಿನಿಂದ ಮುಚ್ಚುತ್ತಾರೆ. ಇದನ್ನು ನಿರಪಾಯಕಾರಿ ಅನ್ನುವುದು ಹೇಗೆ?

ಹಾಗಂತ ಎಲ್ಲವೂ ಹೀಗೇ ಅಲ್ಲ. ಲ್ಯಾಂಗರ್‌ಹ್ಯಾನ್ಸ್ ಜೀವಕೋಶದ ಕಾಯಿಲೆಯಲ್ಲಿ (ಒಂದು ಬಗೆಯ ರಕ್ಷಣಾ ಕೋಶಗಳು ಮಿತಿಮೀರಿ ಸೇರಿಕೊಳ್ಳುವ ಕಾಯಿಲೆ) ಒಂದು ಕಶೇರು, ಅಂದರೆ ಬೆನ್ನುಮೂಳೆಯ ಒಂದು ಮಣಿ, ಬಿಲ್ಲೆಯ ಹಾಗೆ ಚಪ್ಪಟೆಯಾಗುತ್ತದೆ. ಎಕ್ಸ್‌ರೇ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಎಷ್ಟೋ ಮಕ್ಕಳಲ್ಲಿ ಆಪರೇಷನ್ ಇಲ್ಲದೆಯೇ ಗುಣವಾಗಿ, ವರ್ಷಗಳು ಕಳೆದ ಹಾಗೆ ಆ ಮೂಳೆ ತಕ್ಕಮಟ್ಟಿಗೆ ಎತ್ತರವನ್ನೂ ಮರಳಿ ಪಡೆಯುತ್ತದೆ.

ಆದ್ದರಿಂದ ಬಿನೈನ್‌ಗೆ ‘ಕ್ಯಾನ್ಸರ್ ಅಲ್ಲದ ಗಡ್ಡೆ’ ಅಂತಲೇ ಬರೆಯುತ್ತಿದ್ದೇನೆ. ಉದ್ದವಾಯಿತು, ನಿಜ. ಆದರೆ ಇದು ಸುಳ್ಳು ಧೈರ್ಯ ಕೊಡುವುದಿಲ್ಲ.

ಇನ್ನು ‘ನೈಡಸ್’. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ, ಕ್ಯಾನ್ಸರ್ ಅಲ್ಲದ ಮೂಳೆಗಡ್ಡೆಯಲ್ಲಿ ಗಟ್ಟಿಯಾದ ಮೂಳೆಯ ನಡುವೆ ಸಾಮಾನ್ಯವಾಗಿ 1.5 ಸೆಂ.ಮೀ.ಗಿಂತ ಚಿಕ್ಕದಾದ ಒಂದು ಕೇಂದ್ರ ಇರುತ್ತದೆ. ನೋವಿಗೆಲ್ಲ ಅದೇ ಮೂಲ. ರಾತ್ರಿ ನೋವು ಜಾಸ್ತಿ, ಆಸ್ಪಿರಿನ್ ಜಾತಿಯ ಮಾತ್ರೆಗೆ ತಗ್ಗುತ್ತದೆ. ಸಾದಾ ಎಕ್ಸ್‌ರೇಯಲ್ಲಿ ತಪ್ಪಿಸಿಕೊಂಡದ್ದು ಸಿಟಿ ಸ್ಕ್ಯಾನಿನಲ್ಲಿ ಸಿಗುತ್ತದೆ. ಲ್ಯಾಟಿನ್ನಿನಲ್ಲಿ ನೈಡಸ್ ಅಂದರೆ ಗೂಡು. ಆದರೆ ಕನ್ನಡದಲ್ಲಿ ‘ಗೂಡು’ ಅಂದರೆ ಒಳಗೆ ಖಾಲಿ ಅನ್ನಿಸುತ್ತದೆ, ಅಲ್ವಾ? ‘ಕಾಳು’ ಅಂದರೆ ಹೇಗೆ? ‘ಸೂಜಿ ಹಾಕಿ ಕಾಳನ್ನು ಸುಡುತ್ತಾರೆ’ ಎಂಬ ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಇದೇ ಗಡ್ಡೆಯಿಂದ ಬೆನ್ನು ಪಕ್ಕಕ್ಕೆ ವಾಲಬಹುದು. ಅದನ್ನು ‘ಗೂನು’ ಅನ್ನಬಾರದು. ಗೂನು ಅಂದರೆ ಬೆನ್ನು ಮುಂದಕ್ಕೆ ಬಾಗಿ ಉಬ್ಬುವುದು. ‘ನೋವಿರುವ ಪಕ್ಕಡೊಂಕು’ ಅಂತ ಬರೆದಿದ್ದೇನೆ. ನೋವು ಅನ್ನುವ ಪದ ಅಲ್ಲಿ ಇರಲೇಬೇಕು. ಮಗುವಿನ ಬೆನ್ನು ಡೊಂಕಾಗಿ, ರಾತ್ರಿ ಎಬ್ಬಿಸುವಷ್ಟು ನೋವೂ ಇದ್ದರೆ ಒಳಗೆ ಗಡ್ಡೆ ಇದೆಯಾ ಅಂತ ಹುಡುಕಬೇಕು.

ಆಪರೇಷನ್ನಿನ ಪದಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ಗಡ್ಡೆಯೊಳಗೆ ಹೋಗಿ ಚೂರುಚೂರಾಗಿ ತೆಗೆಯುವುದು ‘ಕೆರೆದು ತೆಗೆಯುವುದು’. ಅದು ಸರಿ. ‘ಎನ್ ಬ್ಲಾಕ್’ ಅನ್ನುವುದಕ್ಕೆ ‘ಪೂರ್ತಿ ತೆಗೆಯುವುದು’ ಅಂದರೆ ಸಾಲದು. ಕೆರೆದೂ ಪೂರ್ತಿ ತೆಗೆಯಬಹುದಲ್ಲ! ಎನ್ ಬ್ಲಾಕ್‌ನಲ್ಲಿ ಮುಖ್ಯವಾದದ್ದು ಗಡ್ಡೆಗೆ ಕತ್ತರಿ ತಾಕದಿರುವುದು. ಸುತ್ತಲಿನ ಒಳ್ಳೆಯ ಭಾಗವನ್ನೂ ಸೇರಿಸಿಕೊಂಡು ಒಂದೇ ತುಂಡಾಗಿ ಹೊರತರುತ್ತಾರೆ. ಆಸ್ಟಿಯೋಸಾರ್ಕೋಮಾದಂಥ ಮೂಳೆ ಕ್ಯಾನ್ಸರಿನಲ್ಲಿ ಸಾಧ್ಯವಿದ್ದ ಕಡೆ ಇದೇ ಗುರಿ. ಕೀಮೋ ಮೊದಲು, ಆಪರೇಷನ್ ಆಮೇಲೆ. ಬಯಾಪ್ಸಿಯ (ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವ) ಸೂಜಿ ಹೋದ ದಾರಿಯನ್ನೂ ಜೊತೆಗೇ ತೆಗೆಯಬೇಕಾಗಬಹುದು. ಹಾಗಾಗಿ ಸೂಜಿ ಎಲ್ಲಿಂದ ಹೋಗಬೇಕು ಅನ್ನುವುದನ್ನು ಆಪರೇಷನ್ ಮಾಡುವವರ ಜೊತೆ ಮೊದಲೇ ಮಾತಾಡಿ ಗೊತ್ತು ಮಾಡಿರುತ್ತಾರೆ. ಎನ್ ಬ್ಲಾಕ್‌ಗೆ ‘ಒಡೆಯದೆ ಇಡಿಯಾಗಿ ತೆಗೆಯುವುದು’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಹಾಗೇ ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ವರದಿಯಲ್ಲಿ ಬರುವ ‘ಮಾರ್ಜಿನ್ ನೆಗೆಟಿವ್’ ಅನ್ನುವುದಕ್ಕೂ ಪದ ಬೇಕು. ಅದು ಒಳ್ಳೆಯ ಸುದ್ದಿ. ಆದರೆ ‘ನೆಗೆಟಿವ್’ ಅಂತ ಓದಿದ ಕೂಡಲೇ ತಾಯಂದಿರು ಹೆದರುತ್ತಾರೆ. ‘ಅಂಚಿನಲ್ಲಿ ಗಡ್ಡೆ ಉಳಿದಿಲ್ಲ’ ಸಾಕೇ?