ಹಳೇ ಪಿಕಪ್: ಕ್ಲಚ್ ಪೆಡಲ್ ತಾನಾಗಿ ಕೆಳಗೆ ಇಳಿಯುತ್ತದೆ, ಅನುಭವ ಇದ್ದವರು ಹೇಳಿ

ಮುಳಬಾಗಿಲು ಟೊಮೆಟೊ ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 2010ರ ಡೀಸೆಲ್ ಪಿಕಪ್, 2,80,000 ಕಿಲೋಮೀಟರ್ ಓಡಿದೆ. ಮುಳಬಾಗಿಲು ಸುತ್ತಮುತ್ತಲ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಲೋಡ್ ಹೊಡೆಯುತ್ತೇನೆ. ಎರಡು ತಿಂಗಳಿಂದ ಕ್ಲಚ್ ಕಾಟ. ಮಂಡಿ ಗೇಟಿನ ಸಾಲಿನಲ್ಲಿ ಫಸ್ಟ್ ಗೇರ್ ಹಾಕಿ ಪೆಡಲ್ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಗಾಡಿ ಮೆಲ್ಲಗೆ ಮುಂದಕ್ಕೆ ಜರುಗುತ್ತದೆ. ಪೆಡಲ್ ಕಾಲಡಿಯಲ್ಲೇ ಇನ್ನೂ ಕೆಳಗೆ ಇಳಿಯುತ್ತದೆ. ಎರಡು ಸಲ ಪಂಪ್ ಮಾಡಿದರೆ ಮತ್ತೆ ಸರಿ. ಬೆಳಿಗ್ಗೆ ಅಷ್ಟಿಲ್ಲ, ಎಂಜಿನ್ ಬಿಸಿಯಾದ ಮೇಲೆ ಜಾಸ್ತಿ. ಪೆಡಲ್ ಒತ್ತಿದ್ದನ್ನು ಕ್ಲಚ್‌ಗೆ ಮುಟ್ಟಿಸುವ ಬ್ರೇಕ್ ಆಯಿಲ್ ಮಾತ್ರ ಬಾಟಲಿಯಲ್ಲಿ ಒಂದು ಗೆರೆಯೂ ಇಳಿದಿಲ್ಲ.

ಹೋದ ತಿಂಗಳು ಗೇರ್ ಬಾಕ್ಸ್ ಪಕ್ಕ ಇರುವ ಕೆಳಗಿನ ಕ್ಲಚ್ ಸಿಲಿಂಡರ್ ಹೊಸದು ಹಾಕಿಸಿದೆ. ಸಾಮಾನು 1,150, ಕೂಲಿ 400. ಮೂರು ಸಲ ಆಯಿಲ್ ಪೈಪಿನಲ್ಲಿ ಸೇರಿದ ಏರ್ ತೆಗೆಸಿದ್ದಾಯಿತು. ಈಗ ಮೆಕ್ಯಾನಿಕ್ ಗೇರ್ ಬಾಕ್ಸ್ ಇಳಿಸಿ ಪೂರ್ತಿ ಕ್ಲಚ್ ಪ್ಲೇಟ್ ಸೆಟ್ ಹಾಕೋಣ, 13,000 ಆಗುತ್ತದೆ ಅನ್ನುತ್ತಿದ್ದಾರೆ. ಸೀಸನ್ ಶುರುವಾಗುತ್ತಿದೆ, ಮೂರು ದಿನ ಗಾಡಿ ನಿಂತರೆ ಕಷ್ಟ. ಪ್ಲೇಟ್ ಸೆಟ್ ನಿಜವಾಗಿ ಬೇಕಾ?

ಮೂಡಿಗೆರೆ ತೋಟದವರು:
ಸರ್, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಉರಿಯಿತು. ನನಗೆ ಇದೇ ಮಾತು ಹೇಳಿ 16,400 ರೂಪಾಯಿ ಕೀಳಿಸಿದರು. ಉಜಿರೆಯಿಂದ ಅಡಿಕೆ ಸಸಿ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ನಾಲ್ಕನೇ ತಿರುವಿನಲ್ಲಿ ಸೆಕೆಂಡಿನಿಂದ ಫಸ್ಟ್‌ಗೆ ಹಾಕಲು ಹೋದರೆ ಗೇರ್ ಬೀಳಲೇ ಇಲ್ಲ. ಹಿಂದೆ ಬಸ್ಸು, ಎಡಕ್ಕೆ ಕಣಿವೆ. ಎಂಜಿನ್ ಆಫ್ ಮಾಡಿದೆ, ಫಸ್ಟ್‌ಗೆ ಹಾಕಿದೆ, ಗೇರಲ್ಲೇ ಸೆಲ್ಫ್ ಹೊಡೆದು ಗಾಡಿ ಎತ್ತಿದೆ. ಕೊಟ್ಟಿಗೆಹಾರದವರೆಗೂ ಫಸ್ಟ್ ಗೇರಲ್ಲೇ ಬಂದೆ.

ಮಾರನೇ ದಿನ ಗೇರ್ ಬಾಕ್ಸ್ ಇಳಿಸಿದರು. ಪ್ಲೇಟ್, ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಪ್ಲೇಟ್ ಬಿಡಿಸುವ ರಿಲೀಸ್ ಬೇರಿಂಗ್ ಸೇರಿ 9,200. ಫ್ಲೈವೀಲ್ ಲೇತ್‌ಗೆ 900. ಗೇರ್ ಆಯಿಲ್ 700. ಕೂಲಿ 4,500. ಗಾಡಿ ಟೋ ಮಾಡಿದ್ದಕ್ಕೆ 1,100. ಬಿಚ್ಚಿದ ಹಳೇ ಪ್ಲೇಟನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿ ಇನ್ನೂ ಒಳ್ಳೆಯ ದಪ್ಪ ಇತ್ತು! ಗಾಡಿ ಒಂಬತ್ತು ದಿನ ಓಡಿತು, ಮತ್ತೆ ಅದೇ ಕಥೆ. ಕೊನೆಗೆ ತಪ್ಪು ಸಿಕ್ಕಿದ್ದು ಎಲ್ಲಿ ಗೊತ್ತಾ? ಕೆಳಗಿನ ಸಿಲಿಂಡರಿಗೆ ಆಯಿಲ್ ಹೋಗುವ ರಬ್ಬರ್ ಹೋಸ್‌ನಲ್ಲಿ. ಪೆಡಲ್ ಒತ್ತಿದಾಗ ಹೋಸ್ ಬಲೂನಿನ ಹಾಗೆ ಉಬ್ಬುತ್ತಿತ್ತು. ನಾನೇ ಕೈಯಲ್ಲಿ ಹಿಡಿದು ನೋಡಿದೆ, ನನ್ನ ಮಗ ಪೆಡಲ್ ಒತ್ತಿದ. ಹೊಸ ಹೋಸ್ 380 ರೂಪಾಯಿ. ಆ ತಿಂಗಳು ತೋಟದವರ ಬಟವಾಡೆಗೆ ಸಾಲ ಮಾಡಿದ್ದು ಇನ್ನೂ ನೆನಪಿದೆ. ಹೋಸ್ ನೋಡಿ ಸರ್, ಹೋಸ್.

ಹುಬ್ಬಳ್ಳಿ, ಮೂರು ಗಾಡಿ ಮಾಲೀಕ:
ನಾನು ಇದಕ್ಕೆ ಪೂರ್ತಿ ವಿರುದ್ಧ ಹೇಳುತ್ತೇನೆ ರೀ. ಇವತ್ತು ಹೋಸ್, ನಾಳೆ ಸಿಲಿಂಡರಿನ ವಾಷರ್ ಕಿಟ್, ನಾಡಿದ್ದು ಬೇರಿಂಗ್ ಅಂತ ಹೋದರೆ ಗಾಡಿ ರೋಡಿಗಿಂತ ಗ್ಯಾರೇಜಲ್ಲೇ ಜಾಸ್ತಿ ಇರುತ್ತದೆ. ನನ್ನ 2012ರ ಪಿಕಪ್‌ಗೆ ಒಂದೇ ಸಲ ಎಲ್ಲಾ ಹಾಕಿಸಿದೆ. ಪೆಡಲ್ ಕಡೆಯ ಮೇಲಿನ ಸಿಲಿಂಡರ್, ಕೆಳಗಿನ ಸಿಲಿಂಡರ್, ಹೋಸ್, ಪ್ಲೇಟ್ ಸೆಟ್, ಬೇರಿಂಗ್ ತಳ್ಳುವ ಫೋರ್ಕ್, ಫೋರ್ಕ್ ಕೂರುವ ಗುಂಡು ಬೋಲ್ಟ್ ಕೂಡ. ಒಟ್ಟು 19,750. ಬಿಲ್ ಇನ್ನೂ ಇಟ್ಟಿದ್ದೇನೆ. ನಾಲ್ಕು ವರ್ಷ ಆಯಿತು, ಬ್ಯಾಡಗಿ ಮೆಣಸಿನಕಾಯಿ ಸೀಸನ್ ನಾಲ್ಕು ಹೊಡೆದೆ, ಕ್ಲಚ್‌ಗೆ ಒಂದು ರೂಪಾಯಿ ಹಾಕಿಲ್ಲ.

ಇನ್ನೊಂದು ಮಾತು. ಕ್ಲಚ್ ಹಾಳಾಗುವುದು ಡ್ರೈವರ್ ಕಾಲಿನಿಂದ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೆ. ಹಾಫ್ ಕ್ಲಚ್‌ನಲ್ಲಿ ಏರು ನಿಲ್ಲಿಸುತ್ತಾರೆ. ಗಾಡಿ ತಮ್ಮದಲ್ಲವಲ್ಲ.

ಹಾಸನ, ಬಾಡಿಗೆ ಡ್ರೈವರ್:
ಯಜಮಾನರೇ, ಡ್ರೈವರ್ ಕಾಲು ಅನ್ನುವ ಮಾತು ಬಿಡಿ. ನಾನು 17 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಶಿರಾಡಿ ಘಾಟಿ ಎಷ್ಟು ಸಲ ಇಳಿದು ಹತ್ತಿದ್ದೇನೆ ಅಂತ ಲೆಕ್ಕ ಇಲ್ಲ. ಹಿಂದಿನ ಮಾಲೀಕರ ಗಾಡಿಯಲ್ಲಿ ಹೊಸ ಪ್ಲೇಟ್ ಹಾಕಿದ 900 ಕಿಲೋಮೀಟರಿಗೇ ಸುಟ್ಟ ವಾಸನೆ ಬಂತು. ಲೋಡ್ ಇದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ನಿನ್ನ ಕಾಲಿನದ್ದೇ ತಪ್ಪು ಅಂತ ಸಂಬಳದಲ್ಲಿ ತಿಂಗಳಿಗೆ 1,500ರಂತೆ ಆರು ತಿಂಗಳು ಹಿಡಿದರು. ಒಂಬತ್ತು ಸಾವಿರ. ಆ ವರ್ಷ ಮಗಳನ್ನು ಸ್ಕೂಲಿಗೆ ಸೇರಿಸುವ ವರ್ಷ.

ಆಮೇಲೆ ಸಕಲೇಶಪುರದಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಪೆಡಲ್ ಕೈಯಲ್ಲಿ ಒತ್ತಿ ನೋಡಿದರು. "ಇದಕ್ಕೆ ಪ್ಲೇ ಎಲ್ಲಪ್ಪ?" ಅಂದರು, ಪೆಡಲ್ ಮೊದಲಿಗೆ ಸ್ವಲ್ಪ ಸಡಿಲ ಇರಬೇಕಲ್ಲ, ಅದು. ಪೆಡಲ್‌ನಿಂದ ಮೇಲಿನ ಸಿಲಿಂಡರಿಗೆ ಹೋಗುವ ರಾಡನ್ನು ಯಾರೋ ಉದ್ದ ಮಾಡಿ ಟೈಟ್ ಮಾಡಿದ್ದರು. ಆ ಸಿಲಿಂಡರ್ ಒಳಗೆ ಒಂದು ಸಣ್ಣ ತೂತು ಇದೆ. ಪೆಡಲ್ ಬಿಟ್ಟಾಗ ಆಯಿಲ್ ಅದರಲ್ಲಿ ಬಾಟಲಿಗೆ ವಾಪಸ್ ಹೋಗಬೇಕು. ರಾಡ್ ಉದ್ದ ಆದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ತೂತು ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲ, ಯಾರೂ ಪೆಡಲ್ ಮುಟ್ಟದೆಯೇ ಕ್ಲಚ್ ಅರ್ಧ ಒತ್ತಿದ ಹಾಗೆ ಇರುತ್ತದೆ. ಪ್ಲೇಟ್ ಸುಡದೆ ಇನ್ನೇನು? ರಾಡ್ ಎರಡು ಸುತ್ತು ಬಿಟ್ಟರು, ಐವತ್ತು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ನನ್ನ 9,000 ವಾಪಸ್ ಬರಲಿಲ್ಲ.

ಹುಬ್ಬಳ್ಳಿ, ಮೂರು ಗಾಡಿ ಮಾಲೀಕ:
ಒಬ್ಬರಿಗೆ ಅನ್ಯಾಯ ಆಗಿರಬಹುದು ರೀ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಒಂದೇ ಗಾಡಿಗೆ ಎರಡು ವರ್ಷದಲ್ಲಿ ಮೂರು ರಿಲೀಸ್ ಬೇರಿಂಗ್ ಹೋಯಿತು. ಡ್ರೈವರ್ ಬದಲಾದ ಮೇಲೆ ನಿಂತಿತು. ಇದಕ್ಕೆ ಏನು ಹೇಳುತ್ತೀರಿ?

ಹಾಸನ, ಬಾಡಿಗೆ ಡ್ರೈವರ್:
ಮೂರು ಸಲವೂ ಯಾವ ಬೇರಿಂಗ್ ಹಾಕಿದ್ದಿರಿ ಅಂತ ಮೊದಲು ಹೇಳಿ. 250 ರೂಪಾಯಿಯ ಡೂಪ್ಲಿಕೇಟ್ ಹಾಕಿ ಡ್ರೈವರನ್ನು ಬಿಡಿಸಿದವರನ್ನು ನಾನು ನೋಡಿದ್ದೇನೆ.

ತುಮಕೂರು, 22 ವರ್ಷ ಗ್ಯಾರೇಜ್ ಕೆಲಸ:
ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಗಾಡಿಯವರು ಮಾಡುವ ಕೆಲಸವನ್ನೂ ಕೇಳಿ. ಹೋದ ವರ್ಷ ಒಬ್ಬರು ಬಂದರು. ದಾರಿಯಲ್ಲಿ ಕ್ಲಚ್ ಬಾಟಲಿ ಖಾಲಿ ಆಗಿದೆ ಅಂತ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿದಿದ್ದರು. ಬರೀ ನೂರು ಎಂಎಲ್. ಬ್ರೇಕ್ ಆಯಿಲ್‌ಗೆ ಅಂತ ಮಾಡಿದ ರಬ್ಬರ್ ಬೇರೆ ಜಾತಿ. ಅದಕ್ಕೆ ಎಂಜಿನ್ ಆಯಿಲ್ ಸೋಕಿದರೆ ನೆಂದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. ಮೇಲಿನ ಸಿಲಿಂಡರಿನ ರಬ್ಬರ್ ವಾಷರ್, ಕೆಳಗಿನದರ ವಾಷರ್, ಹೋಸ್, ಬಾಟಲಿ ಮುಚ್ಚಳದ ರಬ್ಬರ್, ಒಂದೂ ಉಳಿಯಲಿಲ್ಲ. 4,900 ಬಿಲ್ ಆಯಿತು. ನಾನು ಮೋಸ ಮಾಡಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದರು. ಪುಣ್ಯಕ್ಕೆ ಅವರ ಗಾಡಿಯಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಬೇರೆ ಬೇರೆ ಬಾಟಲಿ. ಎರಡಕ್ಕೂ ಒಂದೇ ಬಾಟಲಿ ಇರುವ ಗಾಡಿಯಲ್ಲಿ ಇದೇ ಕೆಲಸ ಮಾಡಿದ್ದರೆ ಬ್ರೇಕೂ ಹೋಗುತ್ತಿತ್ತು.

ಆಯಿಲ್ ಅಂದಮೇಲೆ ಇದನ್ನೂ ಹೇಳುತ್ತೇನೆ. ಬ್ರೇಕ್ ಆಯಿಲ್ ಡಾಟ್ 3 ಆಗಲಿ ಡಾಟ್ 4 ಆಗಲಿ, ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕಡಿಮೆ ಅಂದರೂ 205 ಡಿಗ್ರಿ ಬೇಕು. ನೀರು ಕುಡಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4 ಆದರೆ 230, 155. ನೀರಿನಿಂದ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ, ತುಕ್ಕು ವಾಷರನ್ನು ಕೊರೆಯುತ್ತದೆ. ಬಾಟಲಿಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣ ಬಂದರೂ ಎಂಟು ವರ್ಷ ಬದಲಾಯಿಸದವರು ಇದ್ದಾರೆ.

ಮುಳಬಾಗಿಲಿನ ತಮ್ಮ, ನಿಮ್ಮ ಮಾತಿಗೆ ಬರುತ್ತೇನೆ. ಪಂಪ್ ಮಾಡಿದರೆ ಗೇರ್ ಬೀಳುತ್ತದೆ ಅಂದರೆ ಪ್ಲೇಟ್ ಮೇಲೆ ಅನುಮಾನ ಕಡಿಮೆ. ಪ್ಲೇಟೋ ಫೋರ್ಕೋ ಹೋಗಿದ್ದರೆ ಎಷ್ಟು ಪಂಪ್ ಮಾಡಿದರೂ ಸಾಮಾನ್ಯವಾಗಿ ಅಷ್ಟೇ. ಹೊರಗೆ ಸೋರುತ್ತಿಲ್ಲ, ಬಾಟಲಿ ಇಳಿದಿಲ್ಲ, ಆದರೂ ಪೆಡಲ್ ಇಳಿಯುತ್ತದೆ. ಹಾಗಾದರೆ ಆಯಿಲ್ ಒಳಗೇ ಹಿಂದಕ್ಕೆ ನುಸುಳುತ್ತಿದೆ. ಮೇಲಿನ ಸಿಲಿಂಡರಿನ ಪೈಪ್ ಬಿಚ್ಚಿ, ಅದೇ ಥ್ರೆಡ್‌ನ ಬೋಲ್ಟ್ ಹಾಕಿ ಬಾಯಿ ಮುಚ್ಚಿ. ಪೆಡಲ್ ಮೆಲ್ಲಗೆ ಒತ್ತಿ ಹಿಡಿಯಿರಿ. ಕಲ್ಲಿನ ಹಾಗೆ ನಿಂತರೆ ಮೇಲಿನದು ಸರಿ. ಇಳಿದರೆ ಅದೇ ಕಳ್ಳ.

ದಾವಣಗೆರೆ, ಸ್ವಂತ ರಿಪೇರಿ:
ಮೇಲಿನ ಸಿಲಿಂಡರ್ ಹೋಗಿದ್ದರೆ ಹೊಸದು ತರಬೇಡಿ ಅಣ್ಣ, ಸುಮ್ನೆ ದುಡ್ಡು ದಂಡ. ನಾನು 220 ರೂಪಾಯಿ ಕಿಟ್‌ನಲ್ಲಿ ಮುಗಿಸಿದೆ. ಬಿಚ್ಚಿ, ನುಣುಪು ಎಮರಿ ಪೇಪರನ್ನು ಬ್ರೇಕ್ ಆಯಿಲ್‌ನಲ್ಲಿ ನೆನೆಸಿ ಒಳಗೆ ಸುತ್ತ ತಿರುಗಿಸಿದೆ, ತೊಳೆದೆ, ಹೊಸ ವಾಷರ್ ಹಾಕಿದೆ. ಹದಿನಾಲ್ಕು ತಿಂಗಳು ಓಡಿತು. ಮತ್ತೆ ಕಿಟ್ ಹಾಕಿದೆ, ಈಗ ಎಂಟನೇ ತಿಂಗಳು. 440 ರೂಪಾಯಿಯಲ್ಲಿ ಎರಡು ವರ್ಷದ ಹತ್ತಿರ. ಲೆಕ್ಕ ನೀವೇ ಹಾಕಿ.

ತುಮಕೂರು, 22 ವರ್ಷ ಗ್ಯಾರೇಜ್ ಕೆಲಸ:
ಲೆಕ್ಕ ಹಾಕುತ್ತೇನೆ. ಎಮರಿ ಉಜ್ಜಿದಷ್ಟೂ ಸಿಲಿಂಡರ್ ಒಳಗಿನ ಬೋರ್ ದೊಡ್ಡದಾಗುತ್ತದೆ. ಒಳಗೆ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಯಾವ ಕಿಟ್ ಹಾಕಿದರೂ ನಿಲ್ಲುವುದಿಲ್ಲ. ಮೊದಲನೆಯದು ಹದಿನಾಲ್ಕು ತಿಂಗಳು, ಎರಡನೆಯದು ಎಷ್ಟು ದಿನ ಬರುತ್ತದೋ ನೋಡಿ. ಮನೆ ಹತ್ತಿರ ಓಡಿಸುವ ಗಾಡಿಗೆ ಸರಿ. ಒಂದೂವರೆ ಟನ್ ಹೊತ್ತು ರಾತ್ರಿ ಹೈವೇಯಲ್ಲಿ ಹೋಗುವವರಿಗೆ ಈ ಸಲಹೆ ಕೊಡಬೇಡಿ.

ದಾವಣಗೆರೆ, ಸ್ವಂತ ರಿಪೇರಿ:
ನಿಮ್ಮಂಥವರು ಹೀಗೆ ಹೆದರಿಸಿಯೇ 220ರ ಕೆಲಸಕ್ಕೆ 2,000 ಬಿಲ್ ಮಾಡುವುದು. ನಾನು ಕೆಲಸ ಕಲಿತಿದ್ದೇ ಒಬ್ಬರು ನನ್ನ ಗಾಡಿಯ ಏರ್ ತೆಗೆಯದೆ 600 ಕೂಲಿ ತೆಗೆದುಕೊಂಡ ಮೇಲೆ. ಕೆಳಗಿನ ಸಿಲಿಂಡರನ್ನು ಓರೆಯಾಗಿ ಕೂರಿಸಿದ್ದರು, ಏರ್ ಬಿಡುವ ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೆ ಸೇರುತ್ತದೆ, ನಿಪ್ಪಲ್ ಕೆಳಗಿದ್ದರೆ ಹೊರಗೆ ಹೇಗೆ ಬರಬೇಕು? ಎರಡು ಲೀಟರ್ ಆಯಿಲ್ ಸುರಿದರು, ಅದರ ದುಡ್ಡೂ ನಂದೇ. ಕೊನೆಗೆ ನಾನೇ ಔಷಧಿ ಅಂಗಡಿಯಿಂದ 60 ಎಂಎಲ್ ಸಿರಿಂಜ್ ತಂದೆ. ನಿಪ್ಪಲ್‌ಗೆ ಪೈಪ್ ಹಾಕಿ ಕೆಳಗಿನಿಂದ ಮೇಲಕ್ಕೆ ಆಯಿಲ್ ತಳ್ಳಿದೆ. ಬಾಟಲಿಯಲ್ಲಿ ಗುಳ್ಳೆ ಬುಳುಬುಳು ಅಂತ ಬಂದವು. ಅರ್ಧ ಗಂಟೆಯಲ್ಲಿ ಪೆಡಲ್ ಗಟ್ಟಿ.

ಮೂಡಿಗೆರೆ ತೋಟದವರು:
ಸಿರಿಂಜ್ ವಿಷಯ ನಿಜ. ಆದರೆ ಕೆಳಗಿನಿಂದ ತಳ್ಳಿದರೆ ಕೆಳಗಿನ ಕೊಳೆಯೆಲ್ಲ ಮೇಲಿನ ಸಿಲಿಂಡರಿಗೆ ಹೋಗುತ್ತದೆ. ಮೊದಲು ಹಳೇ ಆಯಿಲ್ ಪೂರ್ತಿ ತೆಗೆಯಿರಿ.

ಮಸ್ಕತ್, ಪುತ್ತೂರಿನವರು:
ಇಲ್ಲಿ ಬೇಸಿಗೆಯಲ್ಲಿ ಲೋಹ ಮುಟ್ಟಿದರೆ ಕೈ ಸುಡುತ್ತದೆ. ನನ್ನ ಹಳೇ ಪಿಕಪ್‌ಗೆ ಹೊಸ ಪ್ಲೇಟ್ ಸೆಟ್ ಹಾಕಿಸಿದ ಎರಡನೇ ವಾರಕ್ಕೇ ಕೆಳಗಿನ ಸಿಲಿಂಡರ್ ಸೋರಿತು. ಮೊದಲು ಒಂದು ಹನಿಯೂ ಸೋರಿರಲಿಲ್ಲ. ಕೆಲಸದವರು ಗೇರ್ ಬಾಕ್ಸ್ ಇಳಿಸುವಾಗ ಪಿಸ್ಟನ್ನನ್ನು ತಳದವರೆಗೂ ಒತ್ತಿದ್ದರು. ವರ್ಷಗಟ್ಟಲೆ ವಾಷರ್ ಓಡಾಡದ ಜಾಗ ಅದು, ಕೊಳೆ ತುಂಬಿತ್ತು, ವಾಷರ್ ತುಟಿ ಹರಿಯಿತು. 11 ರಿಯಾಲ್ ಹೋಯಿತು, ಅದಕ್ಕಿಂತ ಜಾಸ್ತಿ ಬೇಜಾರು ಒಂದು ಶುಕ್ರವಾರದ ರಜೆ ಹೋಗಿದ್ದು. ಪ್ಲೇಟ್ ಹಾಕಿಸುವವರು ರಬ್ಬರ್ ಬೂಟ್ ಎತ್ತಿ ಒಳಗೆ ಒಮ್ಮೆ ನೋಡಿಸಿ.

ಹುಬ್ಬಳ್ಳಿ, ಮೂರು ಗಾಡಿ ಮಾಲೀಕ:
ನೋಡಿ, ನಾನು ಹೇಳಿದ್ದು ಇದನ್ನೇ. ಒಂದೇ ಸಲ ಎಲ್ಲಾ ಹಾಕಿಸಿದ್ದರೆ ಇವರ ರಜೆ ಉಳಿಯುತ್ತಿತ್ತು.

ಮುಳಬಾಗಿಲು ಟೊಮೆಟೊ ಗಾಡಿ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮಂಡಿ ಕೆಲಸ ಇರಲಿಲ್ಲ, ತುಮಕೂರಿನ ಅಣ್ಣ ಹೇಳಿದ ಬೋಲ್ಟ್ ಪರೀಕ್ಷೆ ಮಾಡಿದೆ. ಬೋಲ್ಟ್ ಹುಡುಕಲು ಮೂರು ಅಂಗಡಿ ಸುತ್ತಿದೆ. ಬಾಯಿ ಮುಚ್ಚಿ ಪೆಡಲ್ ಒತ್ತಿದರೆ ಮೊದಲು ಗಟ್ಟಿ ಇತ್ತು. ಇಪ್ಪತ್ತು ಎಣಿಸುವಷ್ಟರಲ್ಲಿ ತಳಕ್ಕೆ ಹೋಯಿತು. ಬಿಚ್ಚಿ ನೋಡಿದರೆ ವಾಷರ್ ತುಟಿ ಒಂದು ಕಡೆ ಸವೆದು ಹೋಗಿದೆ, ಬೋರ್ ಒಳಗೆ ಉದ್ದಕ್ಕೆ ಒಂದು ಗೀರು. ಕಿಟ್ ಸಾಕಾಗುವುದಿಲ್ಲ ಅನ್ನಿಸಿತು, ದಾವಣಗೆರೆ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ. ಹೊಸ ಸಿಲಿಂಡರ್ 1,680, ಆಯಿಲ್ 260. ರಾಡಿಗೆ ಸ್ವಲ್ಪ ಪ್ಲೇ ಬಿಟ್ಟೆ, ಹಾಸನದ ಅಣ್ಣನ ಮಾತು ನೆನಪಿತ್ತು. ಹೆಂಡತಿ ಪೆಡಲ್ ಒತ್ತಿದಳು, ನಾನು ಕೆಳಗೆ ಮಲಗಿ ಏರ್ ತೆಗೆದೆ.

ಇವತ್ತಿಗೆ ನಾಲ್ಕು ಟ್ರಿಪ್ ಆಯಿತು. ನಿನ್ನೆ ಗೇಟಿನಲ್ಲಿ ಐದು ನಿಮಿಷ ಬೇಕಂತಲೇ ಒತ್ತಿ ಹಿಡಿದೆ, ಗಾಡಿ ಕದಲಲಿಲ್ಲ. ಹೋದ ತಿಂಗಳ 1,550 ಮಾತ್ರ ಸುಮ್ಮನೆ ಹೋಯಿತು.

ಹುಬ್ಬಳ್ಳಿ, ಮೂರು ಗಾಡಿ ಮಾಲೀಕ:
ಸಂತೋಷ ರೀ. ಆದರೆ 2,80,000 ಓಡಿದ ಗಾಡಿ, ಪ್ಲೇಟ್ ಕೂಡ ಇವತ್ತಲ್ಲ ನಾಳೆ ಕೇಳುತ್ತದೆ. ಸೀಸನ್ ಮಧ್ಯದಲ್ಲಿ ಕೇಳಿದರೆ?

ಹಾಸನ, ಬಾಡಿಗೆ ಡ್ರೈವರ್:
ಕೇಳಿದಾಗ ಹಾಕಿಸುತ್ತಾರೆ. ಅದಿರಲಿ, ಆ ಮೂರು ಬೇರಿಂಗ್ ಯಾವುದು ಅಂತ ನೀವಿನ್ನೂ ಹೇಳಿಲ್ಲ.